ಏಳನೆಯ ಕಂಡಿಕೆ

ಸಟನ್, ಸರೇ
ಭಾನುವಾರ, ೯ ಫೆಬ್ರವರಿ ೨೦೦೩

ಚಿರಂಜೀವಿ ಜಾಹ್ನವಿಗೆ, ನಿನ್ನ ಅಜ್ಜ ವೇಣುಗೋಪಾಲನು ಸಟನ್ನಿನಿಂದಲೇ ಕೈ ಚಾಚಿ ನಿನ್ನ ನೆತ್ತಿಯ ಮೇಲಿಟ್ಟು ಹರಸುವುದೇನೆಂದರೆ, ನೂರು ವರ್ಷ ಸುಖವಾಗಿ ಬಾಳು.

ಮೊದಲು ನಿನ್ನ ದೇಹಸ್ಥಿತಿಯ ವಿಚಾರ. ಜನವರಿಯ ಪತ್ರದಲ್ಲಿ ನೀನು ಕೆಮ್ಮು ಇದೆಯೆಂದು ಬರೆದಿದ್ದೆ. ಅದು ಪೂರ್ಣ ಗುಣವಾಯಿತೇ ಇಲ್ಲವೇ ಎಂಬುದನ್ನು ಆಮೇಲೆ ಎಲ್ಲಿಯೂ ಸ್ಪಷ್ಟಪಡಿಸಿಲ್ಲ. ಹೂಸ್ಟನ್ನಿನಲ್ಲಿ ಚಳಿಗಾಲದಲ್ಲಿಯೂ ಕಚೇರಿಯೊಳಗೆ ತಣ್ಣನೆಯ ಗಾಳಿಯ ಯಂತ್ರ ಓಡಿಸುತ್ತಾರೆಂದು ನಿನ್ನ ಅಮ್ಮ ಹೇಳುತ್ತಾಳೆ. ಕೊರಳಿಗೆ ಏನಾದರೂ ಸುತ್ತಿಕೊಂಡು ಕುಳಿತುಕೋ. ಮಧ್ಯಾಹ್ನದ ಊಟವನ್ನು ನಿಂತುಕೊಂಡೇ ಮುಗಿಸುವುದು ಅಲ್ಲಿಯ ಪದ್ಧತಿಯಿರಬಹುದು, ನಮ್ಮದಲ್ಲ. ಈ ತಿಂಗಳ ಒಂದನೆಯ ತಾರೀಖು ನಿಮ್ಮ ರಾಜ್ಯದ ಆಕಾಶದಲ್ಲಿಯೇ ಆ ಬಾಹ್ಯಾಕಾಶ ನೌಕೆ ಚೂರುಚೂರಾಗಿ, ನಮ್ಮ ದೇಶದಲ್ಲಿ ಹುಟ್ಟಿದ ಹೆಣ್ಣುಮಗಳೂ ಅದರಲ್ಲಿ ಹೋದಳೆಂಬ ಸುದ್ದಿ ಟಿವಿಯಲ್ಲಿ ಬಂದಾಗ, ವಿಜಯಾ ಕೈಯಲ್ಲಿದ್ದ ಸೌಟನ್ನು ಹಾಗೆಯೇ ಹಿಡಿದುಕೊಂಡು ನಿನಗೆ ಫೋನು ಮಾಡಿದಳು. ನೀನು "ಅಮ್ಮಾ, ಐ ಆಮ್ ನಾಟ್ ಇನ್ ಸ್ಪೇಸ್" ಎಂದು ನಕ್ಕೆಯಂತೆ. ತಾಯಿಯಾದವಳ ಮನಸ್ಸಿನಲ್ಲಿ ಭೂಗೋಳ ಬೇರೆ, ಖಗೋಳ ಬೇರೆ ಎಂಬ ವಿಂಗಡಣೆ ಇರುವುದಿಲ್ಲ, ಮಗೂ. ವಾರಕ್ಕೊಮ್ಮೆಯಾದರೂ ನೀನಾಗಿ ಫೋನು ಮಾಡು.

ಇಲ್ಲಿ ನಾವೆಲ್ಲರೂ ಆರೋಗ್ಯದಿಂದಿದ್ದೇವೆ. ಜನವರಿ ಮೂವತ್ತರಂದು ಹಿಮ ಬಿದ್ದು ಬಸ್ಸು ರೈಲುಗಳೆಲ್ಲ ನಿಂತುಹೋದವು. ನಿನ್ನ ಅಪ್ಪ ಆಸ್ಪತ್ರೆಯಿಂದ ಮನೆಗೆ ನಡೆದೇ ಬಂದ. ಬಂದವನು ಬೂಟು ಬಿಚ್ಚುವುದಕ್ಕೂ ಮೊದಲು ನನ್ನನ್ನು ಹೊರಗೆ ಕಾಲಿಡಕೂಡದೆಂದು ಆಜ್ಞೆ ಮಾಡಿದ. ಆಜ್ಞೆಯನ್ನು ಮೂರು ದಿನ ಪಾಲಿಸಿದೆ. ನಾಲ್ಕನೆಯ ದಿನ ಎಂದಿನಂತೆ ಲೈಬ್ರರಿಗೆ ಹೋದೆ. ಅಲ್ಲಿಯ ಹೆಂಗಸು ನಾನು ಕೇಳಿದ ಅಮೆರಿಕದ ತೀರ್ಪುಗಳನ್ನು ಕಂಪ್ಯೂಟರಿನಿಂದ ಮುದ್ರಿಸಿ, ಅಂಚು ಸಮ ಮಾಡಿ, ಕ್ಲಿಪ್ ಹಾಕಿ ಇಟ್ಟಿರುತ್ತಾಳೆ. ಎಲ್ಲ ಮರಣದಂಡನೆಯ ತೀರ್ಪುಗಳೇ ಆಗಿರುವುದನ್ನು ಕಂಡು ಮೊನ್ನೆ "ಯಾರನ್ನಾದರೂ ಮುಗಿಸುವ ಯೋಚನೆಯೇ, ಮಿಸ್ಟರ್ ಕಟ್ಟಿ?" ಎಂದು ಕೇಳಿದಳು. "ಉಳಿಸುವ ಯೋಚನೆ, ಮೇಡಂ. ನನ್ನ ಮೊಮ್ಮಗಳು ಟೆಕ್ಸಾಸಿನಲ್ಲಿದ್ದಾಳೆ" ಎಂದೆ. ಆ ಮಾತನ್ನು ಹೇಳುವಾಗ ನನ್ನ ಬೆನ್ನು ಎಷ್ಟು ನೆಟ್ಟಗಿತ್ತೆಂದರೆ, ಮೊಣಕಾಲಿನ ನೋವು ಕೂಡ ನೆನಪಿಗೆ ಬರಲಿಲ್ಲ.

ಹೀಗಿರಲಾಗಿ, ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಂಗಳವಾರದ ನಿನ್ನ ಇ-ಮೇಲನ್ನು ನಿನ್ನ ಅಪ್ಪ ಉದಯ ಮುದ್ರಿಸಿ ತಂದುಕೊಟ್ಟ. ನಾನು ಬರೆದು ಕಳುಹಿಸಿದ ಬಿನ್ನಹಪತ್ರದ ಕರಡನ್ನು ನಿನ್ನ ಕಚೇರಿಯಲ್ಲಿ ಎಲ್ಲರೂ ಓದಿದರೆಂದೂ, ಏಳನೆಯ ಕಂಡಿಕೆಗೆ ಬಂದಾಗ ನಿನ್ನ ಮೇಲಿನ ವಕೀಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರೆಂದೂ, ಒಂದು ಅಕ್ಷರವನ್ನೂ ಬದಲಾಯಿಸದೆ ಅದನ್ನೇ ಅರ್ಜಿಯ ಜೊತೆ ಲಗತ್ತಿಸುವಿರೆಂದೂ ಬರೆದಿದ್ದೀ. ಹದಿನೈದನೆಯ ತಾರೀಖು ಶನಿವಾರ ನೀನೇ ಕಾರಿನಲ್ಲಿ, ಮರಣದಂಡನೆಗೆ ಗುರಿಯಾದ ನಿನ್ನ ಕಕ್ಷಿದಾರನ ತಾಯಿಯ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತೀಯೆಂದೂ, ಆಕೆಯ ಕಣ್ಣು ಪೊರೆಗಟ್ಟಿ ಓದಲಾಗುವುದಿಲ್ಲವಾದರೂ ಸಹಿ ಮಾತ್ರ ಮಾಡಬಲ್ಲಳೆಂದೂ ಬರೆದಿದ್ದೀ. ಈ ಕೊನೆಯ ವಾಕ್ಯವನ್ನು ಓದಿದಾಗಿನಿಂದ ನನಗೆ ಕುಳಿತಲ್ಲಿ ಕುಳಿತಿರಲಾಗುತ್ತಿಲ್ಲ. ಗುರುವಾರ ನಿನ್ನ ಕಚೇರಿಗೆ ಫೋನು ಮಾಡಿದೆ, ಯಂತ್ರ ಮಾತಾಡಿತು. ಶುಕ್ರವಾರ ಮತ್ತೆ ಮಾಡಿದೆ. ನೀನೇ ಸಿಕ್ಕೆ, ಆದರೆ ನಾನು ಹವೆ ಹೇಗಿದೆ ಎಂದಷ್ಟೇ ಕೇಳಿ ಫೋನು ಇಟ್ಟುಬಿಟ್ಟೆ. ನೀನೂ ಆಶ್ಚರ್ಯಪಟ್ಟಿರಬೇಕು. ಇ-ಮೇಲು ಎಂದರೆ ನಿನ್ನ ಅಪ್ಪನ ಕೈ ದಾಟಿ ಹೋಗಬೇಕು. ಆದ್ದರಿಂದ ಇದನ್ನು ನಾಳೆ ಹೈ ಸ್ಟ್ರೀಟಿನ ಅಂಗಡಿಯಿಂದ ಫ್ಯಾಕ್ಸ್ ಮಾಡಿಸುತ್ತಿದ್ದೇನೆ. ನಿನ್ನ ಕಚೇರಿಯಲ್ಲಿ ಕನ್ನಡ ಓದಬಲ್ಲವರು ಬೇರೆ ಯಾರೂ ಇಲ್ಲವೆಂಬ ಧೈರ್ಯ ನನಗಿದೆ.

ವಿಷಯ ಇಷ್ಟು. ನೀನು ನನಗೆ ಕಳುಹಿಸಿದ್ದ ಟಿಪ್ಪಣಿಯಲ್ಲಿ ಅರ್ಜಿದಾರನ ತಾಯಿ ಏನು ಹೇಳುತ್ತಾಳೆಂಬುದು ಸ್ವಚ್ಛವಾಗಿತ್ತು. (ಆತನ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ನೀನು ಎಚ್ಚರಿಸಿದ್ದರಿಂದ ಅರ್ಜಿದಾರನೆಂದೇ ಕರೆಯುತ್ತೇನೆ, ನನಗೆ ಅದು ಅಭ್ಯಾಸದ ಮಾತೇ.) ಆ ಅಂಗಡಿಯವನ ಕೊಲೆ ನಡೆದ ಮಧ್ಯಾಹ್ನ ಮಗನು ತನ್ನ ಮನೆಯಲ್ಲಿ, ತನ್ನ ಕಣ್ಣೆದುರು, ಬಟ್ಟೆ ಒಗೆಯುವ ಯಂತ್ರವನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದನೆಂದು ಆಕೆ ಹೇಳುತ್ತಾಳೆ. ಜ್ಯೂರಿ ನಂಬಲಿಲ್ಲ. ಹನ್ನೊಂದು ವರ್ಷದಿಂದ ಆಕೆ ಮಾತು ಬದಲಿಸಿಲ್ಲ. ಮಾರ್ಚ್ ಮೂರನೆಯ ವಾರದಲ್ಲಿ ಆತನಿಗೆ ಸಾಯಿಸುವ ಸೂಜಿ ಚುಚ್ಚುವ ದಿನ ಗೊತ್ತಾಗಿದೆ. ಈ ತಿಂಗಳ ಇಪ್ಪತ್ತನಾಲ್ಕಕ್ಕೆ ಕ್ಷಮಾದಾನದ ಅರ್ಜಿ ಮಂಡಳಿಗೆ ಸಲ್ಲಬೇಕು. ಇದೆಲ್ಲವನ್ನೂ ನಾನು ಓದಿದ್ದೆ. ಓದಿದ ಮೇಲೆಯೂ ಆ ತಾಯಿಯ ಬಿನ್ನಹಪತ್ರದ ಏಳನೆಯ ಕಂಡಿಕೆಯಲ್ಲಿ ಏನು ಬರೆದೆ? "ನನ್ನ ಮಗನು ತನ್ನಿಂದ ಘಟಿಸಿದ ಕೃತ್ಯಕ್ಕಾಗಿ ಹಗಲಿರುಳು ಪಶ್ಚಾತ್ತಾಪದಿಂದ ಬೇಯುತ್ತಿರುತ್ತಾನೆ, ಅವನನ್ನು ಹೆತ್ತ ನಾನು ಮೃತನ ಕುಟುಂಬದವರ ಪಾದಗಳಲ್ಲಿ ಕ್ಷಮೆಯನ್ನು ಯಾಚಿಸುತ್ತೇನೆ." ಇಂಗ್ಲಿಷಿನಲ್ಲಿ ಅದು ಇನ್ನಷ್ಟು ಗಂಭೀರವಾಗಿ ಕೇಳುತ್ತದೆ. ಆದರೆ ಆ ಮಾತು ಆಕೆಯದಲ್ಲ. ನಿನ್ನದೂ ಅಲ್ಲ. ಖರೆ ಹೇಳಬೇಕೆಂದರೆ ನನ್ನದೂ ಅಲ್ಲ. ಅದು ಎಲ್ಲಿಂದ ಬಂದಿತೆಂಬುದನ್ನು ನಿನಗೆ ತಿಳಿಸದೆ ನಾನು ಈ ವಾರ ಕಳೆಯಲಾರೆ.

ನಿನಗೆ ನಾನು ಕನ್ನಡ ಕಲಿಸಿದ್ದು ಯಾವುದರಿಂದ ಎಂಬುದು ನೆನಪಿದೆಯಷ್ಟೆ. ಹದಿನೈದು ವರ್ಷದ ಹಿಂದೆ ನಾನು ಈ ಮನೆಗೆ ಬಂದಾಗ ನಿನಗೆ ಕನ್ನಡ ಕಿವಿಗೆ ತಿಳಿಯುತ್ತಿತ್ತು, ಬಾಯಿಂದ ಮಾತ್ರ ಇಂಗ್ಲಿಷೇ ಬರುತ್ತಿತ್ತು. ಮಕ್ಕಳ ಪುಸ್ತಕ ತರಿಸಿಕೊಳ್ಳುವ ತಾಳ್ಮೆ ನನಗಿರಲಿಲ್ಲ. ನನ್ನ ಟ್ರಂಕಿನಲ್ಲಿದ್ದ ಅರ್ಜಿಗಳ ಮಾದರಿ ಪುಸ್ತಕವನ್ನೇ ಅಡುಗೆಮನೆಯ ಮೇಜಿನ ಮೇಲಿಟ್ಟು ತಿದ್ದಿಸಿದೆ. ಪರಿಣಾಮವಾಗಿ ಒಂಬತ್ತು ವರ್ಷದ ಹುಡುಗಿ ಫ್ರಿಜ್ಜಿನ ಮೇಲೆ ಹಚ್ಚಿದ ಚೀಟಿ ಹೀಗಿತ್ತು: "ಘನತೆವೆತ್ತ ಅಮ್ಮನವರ ದಿವ್ಯ ಸನ್ನಿಧಿಗೆ, ವಿನಯಪೂರ್ವಕ ಬಿನ್ನಹ. ಅರ್ಜಿದಾರಳು ಹೋಮ್‌ವರ್ಕನ್ನು ಸಂಪೂರ್ಣ ಮುಗಿಸಿದ್ದಾಗ್ಯೂ ಟಿವಿ ನೋಡಲು ಅನುಮತಿ ದೊರೆತಿರುವುದಿಲ್ಲ." ವಿಜಯಾ ನಕ್ಕು ನಕ್ಕು ಅರ್ಧ ಗಂಟೆ ಮಂಜೂರು ಮಾಡಿದಳು. ಆ ದಿನ ನಾನು ನಿನಗೆ ಹೇಳಿದೆ, ನೋಡಿದೆಯಾ, ಸರಿಯಾಗಿ ಬರೆದ ಅರ್ಜಿಗೆ ಬಾಗಿಲು ತೆರೆಯದೆ ಇರುವುದಿಲ್ಲ ಎಂದು. ನೀನು ಅದನ್ನು ನಂಬಿದೆ. ಕಾನೂನು ಓದಿದೆ. ಸಹಪಾಠಿಗಳು ಲಂಡನ್ನಿನ ದೊಡ್ಡ ಕಂಪನಿಗಳಿಗೆ ಸೇರುತ್ತಿರುವಾಗ ನೀನು ಸಾಯಲಿರುವವರ ಅರ್ಜಿ ಬರೆಯಲು ಸಮುದ್ರ ದಾಟಿ ಹೋದೆ. ಇದರಲ್ಲಿ ನನ್ನ ಪಾಲು ಎಷ್ಟೆಂದು ನಾನು ಹೆಮ್ಮೆಪಡುತ್ತ ಬಂದಿದ್ದೇನೆ. ಈಗ ಅದೇ ಪಾಲಿನ ಬಗ್ಗೆ ಹೆದರಿಕೆ ಹುಟ್ಟಿದೆ.

ಆ ಮಾದರಿ ಪುಸ್ತಕ ನನ್ನ ಸ್ವಂತದ್ದಲ್ಲ. ಧಾರವಾಡದ ಜಿಲ್ಲಾ ನ್ಯಾಯಾಲಯದ ನಕಲು ವಿಭಾಗಕ್ಕೆ ನಾನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸೇರಿದಾಗ ಅಲ್ಲಿ ಮಳಗಿ ರಾಯರೆಂಬ ಹಿರಿಯ ನಕಲುಗಾರರಿದ್ದರು. ಅವರ ಬಳಿ ಎಲ್ಲ ಬಗೆಯ ಅರ್ಜಿಗೂ ಒಂದೊಂದು ಮಾದರಿ. ಕ್ಷಮಾದಾನದ ಅರ್ಜಿಗೆ ಹನ್ನೊಂದು ಕಂಡಿಕೆ. ಮೊದಲನೆಯದು ವಂದನೆ, ಎರಡನೆಯದು ವಂಶ, ಹೀಗೆ ಹೋಗಿ ಏಳನೆಯದು ಪಶ್ಚಾತ್ತಾಪ. "ಕಟ್ಟೀ, ಕ್ಷಮಾದಾನದಾಗ ವಾದ ಮಾಡಬ್ಯಾಡ. ವಾದೆಲ್ಲ ಕೋರ್ಟಿನಾಗ ಮುಗದು ಹೋಗಿರತದ. ಇಲ್ಲಿ ಬಾಗಬೇಕು" ಎಂದು ಅವರು ಹೇಳುತ್ತಿದ್ದರು. ನಾನು ಹನ್ನೊಂದನ್ನೂ ಬಾಯಿಪಾಠ ಮಾಡಿದೆ. ನಕಲು ವಿಭಾಗದ ನಿಯಮದಂತೆ ಪ್ರತಿ ಪ್ರತಿಯ ಕೆಳಗೂ ಎರಡು ಸಹಿ ಬೀಳಬೇಕು, ನಕಲು ಮಾಡಿದವನದೊಂದು, ಮೂಲದೊಂದಿಗೆ ತಾಳೆ ನೋಡಿದವನದೊಂದು. ನನ್ನ ಪ್ರತಿಗಳಿಗೆ ಎರಡನೆಯ ಸಹಿಯನ್ನು ಮಳಗಿ ರಾಯರು ಕಣ್ಣಾಡಿಸದೆಯೇ ಹಾಕುತ್ತಿದ್ದರು. ಅದು ನನಗೆ ಆ ಕಾಲದಲ್ಲಿ ದೊರೆತ ದೊಡ್ಡ ಪದವಿ.

ನಿನ್ನೆ ಶನಿವಾರ ಮಧ್ಯಾಹ್ನ ಡಾಕ್ಟರ್ ಸತ್ಯನಾರಾಯಣ ದಂಪತಿಗಳು ಊಟಕ್ಕೆ ಬಂದಿದ್ದರು. ಆತ ಉದಯನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯರು, ಮೈಸೂರಿನವರು; ನಿನಗೆ ಅವರ ನಗು ಗೊತ್ತು. ಸಾರಿನ ಹೊತ್ತಿಗೆ ಮಾತು ನಿನ್ನ ಕೆಲಸದ ಕಡೆಗೆ ತಿರುಗಿತು. "ರಾಯರೇ, ಇಪ್ಪತ್ತಿಪ್ಪತ್ತು ವರ್ಷ ಅಪೀಲು ಓಡಾಡ್ಸಿ ಆಮೇಲೆ ಸೂಜಿ ಚುಚ್ಚೋದಾ? ಕೊಂದಿದ್ದು ನಿಜ ಅಂದ್ಮೇಲೆ ಮಾರನೇ ದಿನ ಮುಗಿಸಿಬಿಡ್ಬೇಕು" ಎಂದು ಆತ ಶುರು ಮಾಡಿದರು. ಅವರ ಹೆಂಡತಿ ಪ್ರಭಾ ಅವರು ಹಪ್ಪಳ ಮುರಿಯುತ್ತಲೇ, "ಕೇಳಿ ಇವರ ಮಾತು! ಪೇಷೆಂಟ್ ಒಂದು ಸಲ ಕೆಮ್ಮಿದ್ರೆ ಬೆವರ್ತಾರೆ. ಆ ಸೂಜಿ ಇವರ ಕೈಗೇ ಕೊಟ್ರೆ ಗೊತ್ತಾಗುತ್ತೆ" ಎಂದರು. "ನಮ್ಮವರು ಆ ಕೆಲ್ಸಕ್ಕೆ ಹೋಗ್ಬಾರ್ದು ಅಂತ ಅಲ್ಲಿನ ಡಾಕ್ಟರುಗಳ ಸಂಘನೇ ಹೇಳಿದೆ ಕಣೇ" ಎಂದು ಆತ. "ನೋಡಿದ್ರಾ, ತೀರ್ಪು ಕೊಡೋಕೆ ಮುಂದೆ, ಚುಚ್ಚೋಕೆ ಹಿಂದೆ" ಎಂದು ಈಕೆ. ನನಗೆ ಉತ್ಸಾಹ ಬಂದಿತು. ಲೈಬ್ರರಿಯ ಕಾಗದಗಳ ಸಾರವನ್ನೆಲ್ಲ ಎಲೆಯ ಮುಂದೆ ಹರವಿದೆ. ಹೋದ ಜೂನಿನಲ್ಲಿ ಅವರ ಸುಪ್ರೀಂ ಕೋರ್ಟು ಬುದ್ಧಿ ಬೆಳೆಯದವರನ್ನು ಕೊಲ್ಲಕೂಡದೆಂದದ್ದು. ನಾಲ್ಕು ದಿನ ಬಿಟ್ಟು, ಅರಿಜೋನಾದ ಮೊಕದ್ದಮೆಯಲ್ಲಿ, ಒಬ್ಬನನ್ನು ಮರಣದಂಡನೆಗೆ ಅರ್ಹನಾಗಿಸುವ ಸಂಗತಿಗಳನ್ನು ಜ್ಯೂರಿಯೇ ಕಂಡುಕೊಳ್ಳಬೇಕು, ನ್ಯಾಯಾಧೀಶನೊಬ್ಬನೇ ಅಲ್ಲ ಎಂದದ್ದು. ಇಲಿನಾಯ್ ರಾಜ್ಯದ ಗವರ್ನರು ಅಧಿಕಾರ ಬಿಡುವುದಕ್ಕೆ ಎರಡು ದಿನ ಮೊದಲು ನೂರ ಅರವತ್ತಕ್ಕೂ ಮಿಕ್ಕು ಜನರ ಮರಣದಂಡನೆಯನ್ನು ಒಂದೇ ಸಲ ಇಳಿಸಿದ್ದು. ಟೆಕ್ಸಾಸಿನಲ್ಲಿ ವಿಚಾರಣೆಯ ಹೊತ್ತಿನಲ್ಲಿ ಪದೇಪದೇ ನಿದ್ದೆಹೋದ ವಕೀಲನ ಕಥೆ ಹೇಳಿದಾಗ ಎಲ್ಲರೂ ಕೈ ನಿಲ್ಲಿಸಿದರು. ಮುಖ್ಯವಾದ ಘಳಿಗೆಯಲ್ಲಿಯೇ ನಿದ್ರಿಸಿದನೆಂದು ಸಾಬೀತಾಗಿಲ್ಲವೆಂದು ಮೊದಲು ಮೂವರ ಪೀಠದಲ್ಲಿ ಬಹುಮತ ಹೇಳಿತ್ತು, ಮರುವರ್ಷ ಪೂರ್ಣ ಪೀಠ ಅದನ್ನು ತಳ್ಳಿಹಾಕಿತು ಎಂದೆ. "ಗೊರಕೆ ಹೊಡೆಯೋಕೂ ಮುಖ್ಯವಾದ ಹೊತ್ತು, ಅಲ್ಲದ ಹೊತ್ತು ಅಂತ ಇದ್ಯಾ?" ಎಂದು ಪ್ರಭಾ ಅವರು ಕೇಳಿದರು. ನಗು ಬಂತು.

ನಗುವಿನ ನಡುವೆ ನಾನು ಹತ್ತು ವರ್ಷದ ಹಿಂದಿನ ಇನ್ನೊಂದು ತೀರ್ಪನ್ನು ಹೇಳಿದೆ. ಅದೂ ಟೆಕ್ಸಾಸಿನದೇ. ಹೊಸ ಪುರಾವೆ ಸಿಕ್ಕಿದೆ, ನಾನು ನಿರಪರಾಧಿ ಎಂದು ಹೇಳಿಕೊಳ್ಳುವುದೊಂದೇ ಫೆಡರಲ್ ನ್ಯಾಯಾಲಯದ ಬಾಗಿಲು ತೆರೆಯಲು ಸಾಲದು. ಅಂಥವನಿಗೆ ಇರುವ ದಾರಿ ಕ್ಷಮಾದಾನ. ಸತ್ಯನಾರಾಯಣರ ಕೈ ಬಾಯಿಯ ಹತ್ತಿರ ನಿಂತಿತು. "ಅಂದ್ರೆ? ಮಾಡಿಲ್ಲ ಅಂದ್ರೂ ಸಾಲ್ದಾ?" ಎಂದರು. "ಅದಕ್ಕಾಗಿಯೇ ಅರ್ಜಿ ಎಂಬುದು ಮುಖ್ಯ" ಎಂದು ನಾನು ಗತ್ತಿನಿಂದ ಉತ್ತರಿಸಿದೆ. ಆಗ ನಿನ್ನ ಅಮ್ಮ ಮಜ್ಜಿಗೆಯ ಪಾತ್ರೆ ಹಿಡಿದು ನಿಂತವಳು ಕೇಳಿದಳು: "ಮಾವಾರ, ನೀವು ಜಾಹ್ನವಿಗೆ ಬರದು ಕೊಟ್ಟದ್ದರಾಗ ಏನಂತ ಬರದೀರಿ? ಅಂವ ಮಾಡ್ಯಾನಂತನೋ, ಮಾಡಿಲ್ಲಂತನೋ?" ನಾನು ಅನ್ನ ಕಲಸುತ್ತ ಕುಳಿತೆ. ನನ್ನ ಪರವಾಗಿ ಉದಯ ಉತ್ತರಿಸಿದ: "ಅದರಾಗೇನದ? ತಪ್ಪಾತು ಅಂದ್ರ ಬಿಡತಾರಂದ್ರ ತಪ್ಪಾತು ಅಂದುಬಿಡಬೇಕು. ಜೀವ ಉಳಿಯೂದು ಮುಖ್ಯ." ವಿಜಯಾ ಪಾತ್ರೆಯನ್ನು ಕೆಳಗಿಟ್ಟಳು. "ಮಾಡಲಾರದ್ದಕ್ಕ ತಪ್ಪಾತು ಅಂತ ಯಾರ ಬಾಯಿಲೆ ಅನಸ್ತೀರಿ? ಅವನ ಅವ್ವನ ಬಾಯಿಲೆ?" ನಿನ್ನ ಅಪ್ಪ ನೀರಿನ ಲೋಟಕ್ಕೆ ಕೈ ಹಾಕಿದ. ಪ್ರಭಾ ಅವರು ಹದಿನೈದರ ಶನಿವಾರ ಯುದ್ಧ ಬೇಡವೆಂದು ಲಂಡನ್ನಿನಲ್ಲಿ ನಡೆಯಲಿರುವ ಮೆರವಣಿಗೆಯ ಮಾತು ತೆಗೆದು ವಿಷಯ ಬದಲಿಸಿದರು. ನಾನು ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದೆ.

ವಿಜಯಾಳಿಗೆ ಗೊತ್ತಿರಲಿಲ್ಲ, ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಇಂಥದೇ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೇನೆ. ೧೯೬೧ರ ಬೇಸಿಗೆ. ನವಲಗುಂದದ ಕಡೆಯ ಹಳ್ಳಿಯಿಂದ ಚನ್ನಬಸವ್ವ ಎಂಬ ಹೆಂಗಸು ನ್ಯಾಯಾಲಯದ ಪಡಸಾಲೆಗೆ ಬಂದಳು. ಆಕೆಯ ಮಗ ಹೊಳೆಬಸಪ್ಪ ಗದಗಿನ ಹತ್ತಿ ಜಿನ್ನಿನಲ್ಲಿ ಹಮಾಲಿ. ಜಿನ್ನಿನ ಕಾವಲುಗಾರನನ್ನು ಕೊಂದನೆಂದು ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು; ಹೈಕೋರ್ಟು ದೃಢಪಡಿಸಿತು; ಅದರ ಮೇಲಿನ ಅಪೀಲೂ ನಿಲ್ಲಲಿಲ್ಲ. ಆ ತೀರ್ಪಿನ ನಕಲನ್ನು ನಾನೇ ಮಾಡಿದ್ದೆ, ಆದ್ದರಿಂದ ಯಾರೋ ಆಕೆಯನ್ನು ನನ್ನ ಹತ್ತಿರ ಕಳುಹಿಸಿದರು. ಆಕೆ ಕಂಬಕ್ಕೆ ಒರಗಿ ನಿಂತು ಹೇಳಿದ್ದು ಇಷ್ಟೇ: "ಸಾಹೇಬ್ರ, ನಂದು ಒಂದ ಮಾತು. ಅಂವ ಮಾಡಿಲ್ರಿ. ಅವತ್ತ ಅಂವ ನನ್ನ ಜೋಡಿ ಅಣ್ಣಿಗೇರ್ಯಾಗ ಲಗ್ನದಾಗ ಇದ್ದ. ಅಷ್ಟ ಬರೀರಿ. ಚೆಂದಾಗಿ ಬರೀರಿ." ನಾನು ಚೆಂದಾಗಿ ಬರೆದೆ. ಕ್ಷಮಾದಾನದ ಅರ್ಜಿಯ ಹನ್ನೊಂದು ಕಂಡಿಕೆಗಳನ್ನೂ ಮಾದರಿಯಂತೆ ಬರೆದೆ. ಅಣ್ಣಿಗೇರಿಯ ಲಗ್ನವನ್ನು ಬಿಟ್ಟುಬಿಟ್ಟೆ, ಅದು ವಾದವೆಂದು. ಏಳನೆಯದರಲ್ಲಿ ಪಶ್ಚಾತ್ತಾಪ ಬರೆದೆ, ಅದು ಬಾಗುವಿಕೆಯೆಂದು. ಕೊನೆಯಲ್ಲಿ ನಿಯಮಾನುಸಾರ ಆಕೆಯ ಎಡಗೈ ಹೆಬ್ಬೆಟ್ಟಿನ ಗುರುತು ಪಡೆದು ಅರ್ಜಿಯನ್ನು ರವಾನಿಸಲಾಯಿತು. ಆಕೆ ಕೇಳದಿದ್ದರೂ ಒಂದು ಪ್ರತಿಯನ್ನು ಆಕೆಗೂ ಕೊಟ್ಟೆ.

ನಾಲ್ಕು ತಿಂಗಳ ಮೇಲೆ, ಮಧ್ಯೆ ಪ್ರವೇಶಿಸಲು ಕಾರಣ ಕಂಡುಬರುವುದಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಹೊಳೆಬಸಪ್ಪನನ್ನು ಗಲ್ಲಿಗೆ ಹಾಕಿದರು. ದೀಪಾವಳಿಯ ಮುಂಚೆ ಆಕೆ ಮತ್ತೆ ಬಂದಳು, ಅದೇ ಕಂಬದ ಹತ್ತಿರ. ಸೆರಗಿನ ಗಂಟಿನಿಂದ ನನ್ನ ಪ್ರತಿಯನ್ನು ತೆಗೆದಳು. ಆಕೆಯ ಮಾತನ್ನು ಆಕೆ ಆಡಿದಂತೆಯೇ ಬರೆಯುತ್ತೇನೆ, ಈ ಬಾರಿಯಾದರೂ. "ಕಡೀ ಭೆಟ್ಟಿಗೆ ಹೋದಾಗ ಅಂವ ಕೇಳಿದ್ನರಿ, ಯವ್ವಾ, ನೀನೂ ನಾ ಮಾಡೀನಂತ ಬರಕೊಟ್ಟಿ? ಅಂತ. ಅವಗ ಯಾರೋ ಇದನ್ನ ಓದಿ ಹೇಳ್ಯಾರ. ನಾ ಇಲ್ಲಪಾ ಅಂದೆ. ಊರಿಗೆ ಬಂದು ಮಾಸ್ತರ ಕಡಿಂದ ಓದಿಸಿದೆ. ಖರೇನ ಐತಿ. ಪಶ್ಚಾತ್ತಾಪ ಪಟ್ಟಾನಂತ ಐತಿ. ಪಶ್ಚಾತ್ತಾಪ ಅಂದ್ರ ಮಾಡ್ಯಾನಂತ ಹೌದಿಲ್ರಿ? ನಾ ಯಾವಾಗ ಅಂದೀನ್ರಿ ಹಂಗ?" ನಾನು ಹೇಳಿದೆ, "ಅದು ಪದ್ಧತಿ, ಅವ್ವ." ಆಕೆ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಕಾಗದವನ್ನು ಮಡಚಿ ನನ್ನ ಮೇಜಿನ ಅಂಚಿಗೆ ಇಟ್ಟು, "ಇಲ್ಲಪಾ ಅಂದಾಗ ಅಂವ ತಲಿ ಅಲ್ಲಾಡಿಸಿದ. ನಂಬಿದ್ನೋ ಇಲ್ಲೋ ನನಗ ತಿಳೀಲಿಲ್ರಿ" ಎಂದಳು. ಹೋದಳು.

ನಾನು ಮುಂದೆ ಮುಖ್ಯ ನಕಲುಗಾರನಾದೆ, ಶಿರಸ್ತೇದಾರನಾದೆ, ಬೀಳ್ಕೊಡುವಾಗ ಜಿಲ್ಲಾ ನ್ಯಾಯಾಧೀಶರು ನನ್ನ ಬರವಣಿಗೆಯನ್ನು ಕುರಿತು ಮಾತಾಡಿದರು. ಆ ಅರ್ಜಿಯನ್ನು ನಾನು ಮಳಗಿ ರಾಯರ ಮಾದರಿಯೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದ್ದೆ; ಆಕೆಯ ಮಾತಿನೊಂದಿಗೆ ತಾಳೆ ನೋಡಿರಲಿಲ್ಲ. ಇಷ್ಟು ತಿಳಿದಿದ್ದೂ, ಡಿಸೆಂಬರಿನಲ್ಲಿ ನೀನು "ಅಜ್ಜಾ, ಒಂದು ಮಾದರಿ ಬರೆದುಕೊಡಿ, ನಿಮ್ಮಂತೆ ಬರೆಯುವವರು ಇಲ್ಲಿ ಯಾರೂ ಇಲ್ಲ" ಎಂದು ಕೇಳಿದ ಕೂಡಲೇ ನಾನು ಪೆನ್ನು ಹಿಡಿದೆ. ಹಿಡಿದ ಕೈ ತಾನಾಗಿಯೇ ಏಳನೆಯ ಕಂಡಿಕೆಯವರೆಗೆ ಹೋಗಿ ಅದನ್ನು ಬರೆದು ಮುಂದೆ ನಡೆಯಿತು. ಯೋಚಿಸಿ ಬರೆದೆನೆಂದರೆ ಸುಳ್ಳಾಗುತ್ತದೆ.

ಹಾಗೆಂದು ಆ ಕಂಡಿಕೆಯಿಂದಲೇ ಹೊಳೆಬಸಪ್ಪನು ಹೋದನೆಂದು ನಾನು ಹೇಳಲಾರೆ. ಅದು ಇಲ್ಲದಿದ್ದರೂ ಅದೇ ಒಂದು ಸಾಲಿನ ಉತ್ತರ ಬರುತ್ತಿತ್ತೇನೋ. ನಿನ್ನ ಅರ್ಜಿದಾರನಿಗೆ ಅದರಿಂದ ಉಪಕಾರವೇ ಆಗಬಹುದು. ಎಲ್ಲ ನ್ಯಾಯಾಲಯಗಳೂ ತಳ್ಳಿದ ಮಾತನ್ನು ಮಂಡಳಿಯವರು ಮತ್ತೆ ಕೇಳಲಾರರು, ಅವರು ನೋಡುವುದು ಪಶ್ಚಾತ್ತಾಪವನ್ನು ಎಂದು ನಿನ್ನ ಹಿರಿಯ ವಕೀಲರು ಹೇಳಿದರೆಂದು ಬರೆದಿದ್ದೀ; ಅವರದು ಇಪ್ಪತ್ತು ವರ್ಷದ ಅನುಭವ, ನನ್ನದು ಒಂದು ಪಡಸಾಲೆಯ ಅನುಭವ. ಉದಯ ಹೇಳಿದ್ದೂ ತಪ್ಪಲ್ಲ. ಜೀವಕ್ಕಿಂತ ದೊಡ್ಡದು ಏನಿದೆ? ಇನ್ನೊಂದು ಕಡೆ ವಿಜಯಾಳ ಮಾತು ಕಿವಿಯಿಂದ ಹೋಗುತ್ತಿಲ್ಲ. ಬೆಳಿಗ್ಗೆಯಿಂದ ಹಿಂದಿನ ತೋಟದ ಬಾಗಿಲನ್ನು ಎಷ್ಟು ಸಲ ತೆರೆದು ಮುಚ್ಚಿದೆನೆಂದರೆ, ಮನೆಯ ಕಾವೆಲ್ಲ ಹೊರಗೆ ಹೋಗುತ್ತದೆಂದು ಆಕೆ ಗದರಿಸಿದಳು. ಮೇಲ್ಕಂಡ ಸಂಗತಿಗಳನ್ನು ಅವಲೋಕಿಸಿ, ಸದರಿ ಕಂಡಿಕೆಯ ವಿಷಯದಲ್ಲಿ ನಿನಗೆ ಯುಕ್ತವೆಂದು ತೋರಿದಂತೆ ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಶನಿವಾರ ದೂರದ ದಾರಿ, ಅಲ್ಲಿ ಎಲ್ಲರೂ ರಸ್ತೆಯ ಬಲಗಡೆಗೆ ಓಡಿಸುತ್ತಾರೆಂಬುದನ್ನು ಮರೆಯಬೇಡ. ನಿನ್ನ ಅಪ್ಪ ಅಮ್ಮ ಆರೋಗ್ಯದಿಂದಿದ್ದಾರೆ, ಪ್ರಭಾ ಅವರು ನಿನ್ನನ್ನು ಬಹಳ ಕೇಳಿದರೆಂದು ಬರೆಯಲು ಹೇಳಿದ್ದಾರೆ. ದೇವರು ನಿನ್ನ ಕೈಗೂ ಬಾಯಿಗೂ ಒಂದೇ ಮಾತನ್ನು ಕೊಡಲಿ ಎಂಬುದು ನನ್ನ ಹರಕೆ.

ಸದಾ ನಿನ್ನ ಶ್ರೇಯಸ್ಸನ್ನು ಬಯಸುವ,
ವೇಣುಗೋಪಾಲ ಹಣಮಂತರಾವ್ ಕಟ್ಟಿ
ನಿವೃತ್ತ ಶಿರಸ್ತೇದಾರ, ಜಿಲ್ಲಾ ನ್ಯಾಯಾಲಯ, ಧಾರವಾಡ

ತಾ.ಕ. ಸಹಿ ಮಾಡಿ ಮಡಚಿ ಕೋಟಿನ ಕಿಸೆಯಲ್ಲಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಒಂದು ಸಂಗತಿ ಬಿಟ್ಟುಹೋಗಿದೆ. ಬಿಟ್ಟುಹೋದದ್ದಲ್ಲ, ನಾನೇ ಬಿಟ್ಟದ್ದು. ಚನ್ನಬಸವ್ವನ ಹೆಬ್ಬೆಟ್ಟಿನ ಮೇಲೆ "ಓದಿ ಹೇಳಲಾಗಿ, ಕೇಳಿ, ಸರಿಯೆಂದು ಒಪ್ಪಿ ಮಾಡಿದ ಗುರುತು" ಎಂದು ನನ್ನ ಅಕ್ಷರದಲ್ಲಿ ಬರೆದಿದೆ. ನಾನು ಓದಿ ಹೇಳಲಿಲ್ಲ. ಆಕೆಯ ಬಸ್ಸಿಗೆ ಹೊತ್ತಾಗಿತ್ತೆಂದು ನಲವತ್ತೆರಡು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಹೊತ್ತಾಗಿರಲಿಲ್ಲ. ಹೆಬ್ಬೆಟ್ಟು ಒತ್ತಿ ಹೋದ ಮೇಲೆ ಆಕೆ ಬೇವಿನ ಮರದ ಕೆಳಗೆ ಒಂದು ತಾಸು ಕುಳಿತಿದ್ದಳು, ನಾನು ಕಿಟಕಿಯಿಂದ ನೋಡಿದೆ. ನಾಲ್ಕು ಹಾಳೆ, ಒಂದು ಗೀಟಿಲ್ಲ, ಒಂದು ಒರೆಸಿದ ಗುರುತಿಲ್ಲ, ಅಷ್ಟು ಚೆಂದ ಬಂದಿತ್ತು. ಓದಿದರೆ ಆಕೆ ತಡೆಯುತ್ತಾಳೆ, ತಡೆದರೆ ತಿದ್ದಬೇಕು, ತಿದ್ದಿದರೆ ಹಾಳೆ ಕೆಡುತ್ತದೆ. ಅದೊಂದೇ ಕಾರಣ. ಬೇರೆ ಇರಲಿಲ್ಲ.

ಆದುದರಿಂದ ಮೇಲೆ ಬರೆದ "ಯುಕ್ತವೆಂದು ತೋರಿದಂತೆ" ಎಂಬುದನ್ನು ಹೊಡೆದುಹಾಕು. ತೆಗೆ ಎಂದೂ ನಾನು ಹೇಳುವುದಿಲ್ಲ, ಇಡು ಎಂದೂ ಹೇಳುವುದಿಲ್ಲ. ಅದನ್ನು ಹೇಳಬೇಕಾದವಳು ನಿನ್ನ ಅರ್ಜಿದಾರನ ತಾಯಿ. ಶನಿವಾರ ಆ ತಾಯಿಯ ಪಕ್ಕದಲ್ಲಿ ಕುಳಿತು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದು. ಏಳನೆಯದನ್ನು ಎರಡು ಸಲ ಓದು. ಅದು ಇದ್ದರೆ ಏನಾಗಬಹುದು, ಇಲ್ಲದಿದ್ದರೆ ಏನಾಗಬಹುದು, ನಿನ್ನ ವಕೀಲರು ಏನೆನ್ನುತ್ತಾರೆ, ಎಲ್ಲವನ್ನೂ ಹೇಳು. ಮಗನಿಗೂ ಮೊದಲೇ ತಿಳಿಸಲಿ, ಅವನು ಬೇರೆಯವರ ಬಾಯಿಂದ ಕೇಳಬಾರದು. ಆಕೆ ಬೇಡವೆಂದರೆ ಆಕೆಯ ಕಿವಿಗೆ ಕೇಳುವಂತೆ ಗೀಟು ಎಳೆದು, ಬಟ್ಟೆ ಒಗೆಯುವ ಯಂತ್ರದ ಮಾತನ್ನು ಆಕೆ ಹೇಳಿದ ಹಾಗೆಯೇ ಅಂಚಿನಲ್ಲಿ ಬರೆದುಕೋ. ಹಾಳೆ ಕೆಟ್ಟರೆ ಕೆಡಲಿ.